ಹಾಡಿನ ಪೆಟ್ಟಿಗೆಯೂ ಗಾಡಿಯ ಬ್ಯಾಟರಿಯೂ

ನಮ್ಮ ಕಡೆ ಈಗ ಹಾಡು ಹಾಕದ ಟ್ರ್ಯಾಕ್ಟರ್ ಇಲ್ಲ, ಪಿಕಪ್ ಇಲ್ಲ. ಹುಣಸೂರು ಪಿರಿಯಾಪಟ್ಟಣ ರಸ್ತೆಯಲ್ಲಿ ನಿಂತರೆ ಗಾಡಿ ಕಾಣುವ ಮೊದಲೇ ಅದರ ಡುಬ್ ಡುಬ್ ಸದ್ದು ಕೇಳಿಸುತ್ತದೆ. ಆ ಹಾಡಿಗೆ ಕರೆಂಟು ಎಲ್ಲಿಂದ ಬರುತ್ತದೆ, ಅದರಿಂದ ಗಾಡಿಗೆ ಏನಾಗುತ್ತದೆ ಎಂದು ತಿಳಿಸುವುದೇ ಈ ಲೇಖನದ ಉದ್ದೇಶ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ನಾನು ಇದನ್ನು ಕಲಿತೆ.

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಪಿಕಪ್ ಗಾಡಿ ಇದೆ. ಸಾಲ ಮಾಡಿ ತಂದದ್ದು. ಅದಕ್ಕೆ ಅವರು ದೊಡ್ಡ ಸ್ಪೀಕರ್, ಆಂಪ್ಲಿಫೈಯರ್ ಎಲ್ಲಾ ಹಾಕಿಸಿದ್ದರು. ನವೆಂಬರ್ ತಿಂಗಳಲ್ಲಿ ನಮ್ಮೂರಲ್ಲಿ ರಾಜ್ಯೋತ್ಸವ ಮಾಡಿದಾಗ ಗಾಡಿಯನ್ನು ಅರಳಿಕಟ್ಟೆ ಹತ್ತಿರ ನಿಲ್ಲಿಸಿ ಕನ್ನಡ ಹಾಡು ಹಾಕಿದ್ದೆವು. ಡೀಸೆಲ್ ಉಳಿಯಲಿ ಅಂತ ಇಂಜಿನ್ ಆಫ್ ಮಾಡಿದ್ದರು. ಏಳು ಗಂಟೆಗೆ ಚಿಕ್ಕಪ್ಪ ನನ್ನ ಕೈಗೆ ಕೀ ಕೊಟ್ಟು, "ಎಂಟು ಗಂಟೆಗೆ ಆಫ್ ಮಾಡ್ಬುಡು ಮಗಾ" ಅಂತ ಹೇಳಿ ಊಟಕ್ಕೆ ಹೋದರು. ಹುಡುಗರೆಲ್ಲ ಕುಣಿಯುತ್ತಿದ್ದರು. ನಾನು ಹನ್ನೊಂದರವರೆಗೂ ಆಫ್ ಮಾಡಲಿಲ್ಲ.

ಮಾರನೇ ದಿನ ಬೆಳಗಿನ ಜಾವ ನಮ್ಮ ಹೊಗೆಸೊಪ್ಪಿನ ಬೇಲುಗಳನ್ನು ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಸಾಗಿಸಬೇಕಿತ್ತು. ಚಿಕ್ಕಪ್ಪ ಕೀ ತಿರುಗಿಸಿದರೆ ಗಾಡಿ ಕಟಕಟ ಅಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಎಂಟು ಜನ ತಳ್ಳಿದರೂ ಆಗಲಿಲ್ಲ. ಕೊನೆಗೆ ಪಕ್ಕದ ಮನೆಯವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರು ಕೊಟ್ಟು ಸ್ಟಾರ್ಟ್ ಮಾಡುವಷ್ಟರಲ್ಲಿ ಹೊತ್ತು ಏರಿತ್ತು. ಆ ದಿನ ನಮ್ಮ ಸರದಿ ತಪ್ಪಿತು. ಅಪ್ಪ, "ಆ ಹಾಡಿನ ಡಬ್ಬದಿಂದಲೇ ಹಿಂಗಾಗಿದ್ದು" ಅಂದರು. ಚಿಕ್ಕಪ್ಪ, "ಡಬ್ಬದ್ದೇನೂ ಇಲ್ಲ, ಬ್ಯಾಟರಿನೇ ಕಳಪೆ" ಅಂದರು. ಇಬ್ಬರೂ ಒಂದು ವಾರ ಮಾತಾಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಹೊಸ ಬ್ಯಾಟರಿ ತರಲು ಚಿಕ್ಕಪ್ಪ ಹುಣಸೂರಿಗೆ ಹೊರಟರು. ಆರೇಳು ಸಾವಿರ ರೂಪಾಯಿ ಬೇಕು. ನಾನೂ ಜೊತೆಗೆ ಹೋದೆ. ಅಲ್ಲಿ ಎಲೆಕ್ಟ್ರಿಕ್ ಕೆಲಸದ ಮೇಸ್ತ್ರಿಯೊಬ್ಬರು ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅದನ್ನೇ ಈಗ ಬರೆಯುತ್ತೇನೆ.

ಬ್ಯಾಟರಿ ಎಂದರೇನು?

ಗಾಡಿಯ ಬ್ಯಾಟರಿಯೊಳಗೆ ಸೀಸದ ತಟ್ಟೆಗಳೂ ನೀರು ಬೆರೆಸಿದ ಗಂಧಕಾಮ್ಲವೂ ಇರುತ್ತವೆ. ಇಂಥ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಮಾಡಿದರು. ಅದರಲ್ಲಿ 6 ಕೋಶಗಳಿವೆ. ಒಂದೊಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಆದ್ದರಿಂದ ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಸ್ಟಾರ್ಟ್ ಆಗುವಾಗ ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕರೆಂಟು ಬೇಕು. ಬ್ಯಾಟರಿಯ ಮುಖ್ಯ ಕೆಲಸ ಅದು.

ಡೈನಮೋ ಎಂದರೇನು?

ಇಂಜಿನ್ ಓಡುವಾಗ ಬೆಲ್ಟ್ ಡೈನಮೋವನ್ನು ತಿರುಗಿಸುತ್ತದೆ. ನಾವೆಲ್ಲ ಡೈನಮೋ ಎನ್ನುತ್ತೇವೆ, ಆದರೆ ಈಗಿನ ಗಾಡಿಗಳಲ್ಲಿ ಇರುವುದು ಆಲ್ಟರ್ನೇಟರ್. ಸುರುಳಿಯ ಹತ್ತಿರ ಆಯಸ್ಕಾಂತ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದರು. ಕಾವೇರಿ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದೂ ಇದೇ ತತ್ವದಿಂದ. ಅಲ್ಲಿ ನೀರು ತಿರುಗಿಸಿತು, ಇಲ್ಲಿ ಡೀಸೆಲ್ ತಿರುಗಿಸುತ್ತದೆ.

ಇಂಜಿನ್ ಆನ್ ಇದ್ದಾಗ ಲೈಟು, ಹಾರನ್, ಹಾಡು ಎಲ್ಲಕ್ಕೂ ಡೈನಮೋನೇ ಕರೆಂಟು ಕೊಡಬೇಕು. ಉಳಿದದ್ದು ಬ್ಯಾಟರಿಗೆ ತುಂಬುತ್ತದೆ. ಇದು ನಮ್ಮೂರ ನೀರಿನ ಟ್ಯಾಂಕಿನ ಹಾಗೆ. ಬೋರ್‌ವೆಲ್ ಮೋಟರು ಡೈನಮೋ, ಟ್ಯಾಂಕು ಬ್ಯಾಟರಿ, ನಲ್ಲಿಗಳು ಲೈಟು ಮತ್ತು ಹಾಡು. ಮೋಟರು ಎತ್ತುವುದಕ್ಕಿಂತ ಹೆಚ್ಚು ನೀರು ನಲ್ಲಿಯಲ್ಲಿ ಹೋದರೆ ಟ್ಯಾಂಕು ಇಳಿಯುತ್ತದೆ. ಮೋಟರೇ ಆಫ್ ಆಗಿದ್ದರೆ ಬೇಗ ಖಾಲಿಯಾಗುತ್ತದೆ.

ಆ ರಾತ್ರಿಯ ಲೆಕ್ಕ

ಮೇಸ್ತ್ರಿ ನಮ್ಮ ಬ್ಯಾಟರಿ ನೋಡಿದರು. ಅದರ ಮೇಲೆ 65 ಎ.ಎಚ್. ಎಂದಿತ್ತು. ಅಂದರೆ ಸುಮಾರು 3 ಆಂಪಿಯರ್‌ನಂತೆ ಎಳೆದರೆ 20 ಗಂಟೆ ಬರುತ್ತದೆ. ಆಂಪ್ಲಿಫೈಯರ್ ಡಬ್ಬದ ಮೇಲೆ 1000 ವಾಟ್ ಎಂದಿತ್ತು. ಮೇಸ್ತ್ರಿ ನಕ್ಕು, "ಡಬ್ಬದ ಮೇಲಿನ ವಾಟ್ ನಂಬಬ್ಯಾಡಿ, ಫ್ಯೂಸ್ ನೋಡಿ" ಅಂದರು. ಫ್ಯೂಸ್ 25 ಆಂಪಿಯರ್‌ದು. 25ನ್ನು 12ರಿಂದ ಗುಣಿಸಿದರೆ 300 ವಾಟ್. ಹಾಡು ಒಂದೇ ಸಮ ಇರುವುದಿಲ್ಲ, ಏರಿ ಇಳಿಯುತ್ತದೆ. ಮೀಟರ್ ಇಟ್ಟು ನೋಡಿದಾಗ ಸರಾಸರಿ 10 ಆಂಪಿಯರ್ ಎಳೆಯುತ್ತಿತ್ತು.

"ಇಂಜಿನ್ ಆಫ್ ಮಾಡಿ ಎಷ್ಟೊತ್ತು ಹಾಕಿದ್ರಿ?" ಅಂತ ಮೇಸ್ತ್ರಿ ಕೇಳಿದರು. ಚಿಕ್ಕಪ್ಪ "ಒಂದು ಗಂಟೆ ಅಷ್ಟೇ" ಅಂದರು. ಮೇಸ್ತ್ರಿ, "ಒಂದು ಗಂಟೆಗೆ 10 ಹೋದ್ರೆ ಇನ್ನೂ 55 ಇರಬೇಕು. ಹಂಗಾದ್ರೆ ಬ್ಯಾಟರಿನೇ ಹೋಗಿದೆ, ಹೊಸದು ಹಾಕ್ಕಳಿ" ಅಂದರು. ಚಿಕ್ಕಪ್ಪ ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದರು. ಆಗ ನನಗೆ ತಡೆಯಲಾಗಲಿಲ್ಲ. "ಒಂದು ಗಂಟೆ ಅಲ್ಲ ಚಿಕ್ಕಪ್ಪ, ನಾಲ್ಕು ಗಂಟೆ. ನಾನೇ ಆಫ್ ಮಾಡಲಿಲ್ಲ" ಅಂದೆ. ಚಿಕ್ಕಪ್ಪ ನನ್ನ ಮುಖವನ್ನೇ ನೋಡಿದರು. ಮೇಸ್ತ್ರಿ, "ನಾಲ್ಕತ್ಲಿ ನಲವತ್ತು. ಈಗ ಲೆಕ್ಕ ಸರಿಹೋಯ್ತು" ಅಂದರು. 65ರಲ್ಲಿ 40 ಹೋದ ಮೇಲೆ ಸ್ಟಾರ್ಟ್ ಮಾಡುವ ಶಕ್ತಿ ಉಳಿದಿರಲಿಲ್ಲ. ಅವರು ಬ್ಯಾಟರಿಯನ್ನು ಬಿಚ್ಚಿ ಒಂದು ರಾತ್ರಿ ನಿಧಾನವಾಗಿ ಚಾರ್ಜ್‌ಗೆ ಹಾಕಿದರು. ಮಾರನೇ ದಿನ 12.6 ತೋರಿಸಿತು. ಬ್ಯಾಟರಿ ಕೆಟ್ಟಿರಲಿಲ್ಲ.

ಇಂಜಿನ್ ಆನ್ ಇದ್ದರೆ ತೊಂದರೆ ಇಲ್ಲವೇ?

ಇದೆ. ಮೇಸ್ತ್ರಿ ನನ್ನ ಕೈಯಿಂದಲೇ ಅಳತೆ ಮಾಡಿಸಿದರು. ಗಾಡಿ ನಿಂತಲ್ಲೇ ಇತ್ತು.

ಇಂಜಿನ್ ಆನ್, ಹಾಡು ಇಲ್ಲ: 14.1 ವೋಲ್ಟ್
ಹೆಡ್‌ಲೈಟ್ ಮತ್ತು ಮೆಲ್ಲಗೆ ಹಾಡು: 13.7 ವೋಲ್ಟ್
ಹೆಡ್‌ಲೈಟ್ ಮತ್ತು ಪೂರ್ತಿ ಜೋರು ಹಾಡು: 12.4 ವೋಲ್ಟ್
ಹಾಗೇ ಇಟ್ಟು ಆಕ್ಸಿಲರೇಟರ್ ಒತ್ತಿದಾಗ: 13.6 ವೋಲ್ಟ್

ಡೈನಮೋ ನಿಧಾನವಾಗಿ ತಿರುಗುವಾಗ ಪೂರ್ತಿ ಕರೆಂಟು ಕೊಡಲಾರದು. 12.4 ಅಂದರೆ ಬ್ಯಾಟರಿ ತುಂಬುತ್ತಿಲ್ಲ, ಖಾಲಿಯಾಗುತ್ತಿದೆ ಎಂದು ಅರ್ಥ. ಡುಬ್ ಅಂದಾಗಲೆಲ್ಲ ಹೆಡ್‌ಲೈಟ್ ಮಂಕಾಗುವುದು ಇದರಿಂದಲೇ. ಮೆರವಣಿಗೆಯಲ್ಲಿ ಗಾಡಿ ಆಮೆಯಂತೆ ಹೋಗುವಾಗ ಹೀಗೇ ಆಗುತ್ತದೆ.

ಕರೆಂಟು ಹೆಚ್ಚು ಎಳೆದಷ್ಟೂ ಡೈನಮೋ ತಿರುಗಿಸುವುದು ಭಾರವಾಗುತ್ತದೆ. ನಮ್ಮ ತಾತನ ಹಳೇ ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿಸಿ ಲೈಟು ಹತ್ತಿಸಿದರೆ ಪೆಡಲ್ ತುಳಿಯುವುದು ಕಷ್ಟ. ಅದೂ ಇದೂ ಒಂದೇ. ಗಾಡಿಯಲ್ಲಿ ಬೆಲ್ಟ್ ಸವೆಯುತ್ತದೆ, ಡೈನಮೋ ಕಾಯುತ್ತದೆ, ಡೀಸೆಲ್ಲೂ ಸ್ವಲ್ಪ ಹೆಚ್ಚು ಬೇಕು. ಅರ್ಧ ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹೀಗೆ ಪದೇ ಪದೇ ಆದರೆ ಒಳ್ಳೆ ಬ್ಯಾಟರಿಯೂ ಬೇಗ ಸಾಯುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಟ್ಯಾಂಕು ದೊಡ್ಡದು ಮಾಡಿದರೆ ಬೋರ್‌ವೆಲ್‌ನಲ್ಲಿ ನೀರು ಹೆಚ್ಚುವುದಿಲ್ಲ ಅಲ್ಲವೇ?

ನಾವು ಏನು ಮಾಡಬೇಕು?

1. ಇಂಜಿನ್ ಆಫ್ ಇದ್ದಾಗ ಹೆಚ್ಚು ಹೊತ್ತು ಹಾಡು ಹಾಕಬಾರದು.
2. ಹಬ್ಬ, ಜಾತ್ರೆಗೆ ಹಾಡು ಬೇಕಾದರೆ ಬೇರೆ ಬ್ಯಾಟರಿ ಇಟ್ಟುಕೊಳ್ಳಬೇಕು.
3. ಆಂಪ್ಲಿಫೈಯರ್‌ಗೆ ದಪ್ಪ ವೈರು ಹಾಕಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಬೇಕು. ಇಲ್ಲದಿದ್ದರೆ ವೈರು ಉಜ್ಜಿ ಶಾರ್ಟ್ ಆದಾಗ ಬೆಂಕಿ ಹತ್ತಬಹುದು.
4. ಬೆಲ್ಟ್ ಸಡಿಲ ಇದೆಯೇ, ಬ್ಯಾಟರಿ ಟರ್ಮಿನಲ್ ಮೇಲೆ ಪುಡಿ ಕಟ್ಟಿದೆಯೇ ಎಂದು ನೋಡಬೇಕು.

ಊರಿಗೆ ಬಂದ ಮೇಲೆ ಅಪ್ಪನ ಮುಂದೆಯೂ ನಿಜ ಹೇಳಿದೆ. ಬೈದರು. ಆದರೆ ಆ ರಾತ್ರಿ ಅಪ್ಪ, ಚಿಕ್ಕಪ್ಪ ಒಟ್ಟಿಗೆ ಕೂತು ಊಟ ಮಾಡಿದರು. ಹಾಡು ಗಾಡಿಯಲ್ಲಿ ಈಗಲೂ ಇದೆ, ಗಾಡಿ ಓಡುವಾಗ ಮಾತ್ರ, ಅದೂ ಮೆಲ್ಲಗೆ. ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ನಮ್ಮ ಬೀದಿಯವರು ಎಬ್ಬಿಸುವುದು ಚಿಕ್ಕಪ್ಪನನ್ನೇ. ಆಗ ಕೀ ತಿರುಗಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬ್ಯಾಟರಿಗೂ ಸಲ್ಲುತ್ತದೆ. ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ದೊಡ್ಡವರಿಗೆ ಇದನ್ನು ಓದಿ ಹೇಳಿ.