ಕುರ್ಚಿಯ ಎಡಬದಿಯವರು

ಸಂಜೆ ಏಳಾದರೆ ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಬೆಂಚು ತುಂಬುತ್ತದೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಯಿಂದ ನೇರ ಬಂದ ಹುಡುಗ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದಾನೆ. ಹಗಲು ರಜೆ ಹಾಕಿದರೆ ಸಂಬಳ ಕಟ್. ಹಾಗಾಗಿ ಲವಂಗ ಕಚ್ಚಿಕೊಂಡೇ ವಾರ ತಳ್ಳಿದ್ದಾನೆ.

ಒಳಗೆ ಕುರ್ಚಿಯ ಬಲಕ್ಕೆ ಡಾಕ್ಟರು, ಎಡಕ್ಕೆ ಎಲ್ಲರೂ ‘ಸಿಸ್ಟರ್’ ಎನ್ನುವ ಸಹಾಯಕಿ. ಕುರ್ಚಿಯಲ್ಲಿರುವ ಅಜ್ಜಿಯ ಹಲ್ಲಿನ ಸೆಟ್‌ಗೆ ಅಳತೆ ತೆಗೆಯಬೇಕು. ಸಿಸ್ಟರ್ ರಬ್ಬರ್ ಬಟ್ಟಲಿನ ಗುಲಾಬಿ ಬಣ್ಣದ ಪುಡಿಗೆ ನೀರು ಹಾಕಿ, ಬಟ್ಟಲಿನ ಅಂಚಿಗೆ ಒತ್ತೊತ್ತಿ ಕಲಸುತ್ತಾರೆ. ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು, ಗುಳ್ಳೆ ನಿಲ್ಲಬಾರದು; ತುಸು ತಡವಾದರೂ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ. ‘ಅಜ್ಜಿ, ಮೂಗಲ್ಲಿ ಉಸಿರಾಡಿ, ಆಯ್ತು, ಇನ್ನೊಂಚೂರು’ ಎಂದು ಭುಜ ಹಿಡಿಯುತ್ತಾರೆ. ಎಂಜಲು ಹೀರುವ ಕೊಳವೆ, ಉಪಕರಣ ತೊಳೆದು ಆಟೋಕ್ಲೇವ್‌ಗೆ ಇಡುವುದು, ಮುಂದಿನವರ ಚೀಟಿ, ಎಲ್ಲವೂ ಇವರದೇ. ಎಲ್ಲವನ್ನೂ ನೋಡಿ ನೋಡಿಯೇ ಕಲಿತದ್ದು. ಕೈಯಲ್ಲೊಂದು ಸರ್ಟಿಫಿಕೇಟ್ ಇಲ್ಲ.

ಇಂಥ ಕೈಗಳಿಗೆ ಹೆಚ್ಚಿನ ಕೆಲಸ ಒಪ್ಪಿಸುವುದು ಹೊಸ ಮಾತೇನಲ್ಲ. 1948ರ ದಂತವೈದ್ಯರ ಕಾಯ್ದೆಯೇ ಡಾಕ್ಟರಲ್ಲದ ಹೈಜೀನಿಸ್ಟ್‌ ಹಲ್ಲಿನ ಪಾಚಿ ತೆಗೆದು ಸ್ವಚ್ಛಗೊಳಿಸಬಹುದು, ಬಾಯಿಯ ಆರೈಕೆ ಹೇಳಿಕೊಡಬಹುದು ಎಂದು ಒಪ್ಪಿತ್ತು. ನ್ಯೂಜಿಲೆಂಡ್ 1921ರಲ್ಲೇ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಶಾಲಾ ಮಕ್ಕಳ ಹುಳುಕು ತುಂಬುವ ಕೆಲಸವನ್ನೇ ಒಪ್ಪಿಸಿತು. ನಮ್ಮ ಬೀದಿಯ ಕ್ಲಿನಿಕ್ಕುಗಳಲ್ಲಿ ಮಾತ್ರ ಕ್ಲೀನಿಂಗಿಗೂ ಡಾಕ್ಟರೇ ಬೇಕು.

ಪಶ್ಚಿಮ ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಬಸವೇಶ್ವರನಗರದಲ್ಲಿ ರಸ್ತೆಗೊಂದು ಬೋರ್ಡು ಕಾಣುತ್ತದೆ. ಕೆಂಗೇರಿ ದಾಟಿದರೆ ಮೈಸೂರು ರಸ್ತೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಬಡ ವೃದ್ಧರಿಗೆ ಉಚಿತ ದಂತಪಂಕ್ತಿ ಕೊಡಲು ಸರ್ಕಾರ ‘ದಂತ ಭಾಗ್ಯ’ ತಂದಿತು. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಹಲ್ಲು ಹೋಗದಂತೆ ನೋಡಿಕೊಳ್ಳುವವರು ಯಾರು? ಅಂಗನವಾಡಿಗೆ ಹೋಗಿ ಬ್ರಷ್ ಹಿಡಿಯುವುದನ್ನು ಕಲಿಸಲು, ಗಾರ್ಮೆಂಟ್ಸ್ ಗೇಟಿನಲ್ಲಿ ಬಾಯಿ ನೋಡಿ ‘ಈಗಲೇ ತೋರಿಸಿಬಿಡಿ’ ಎನ್ನಲು, ಡಾಕ್ಟರ ನಿಗಾದಲ್ಲಿ ಪಾಚಿ ತೆಗೆಯಲು ತರಬೇತಾದ ಕೈ ಸಾಕು.

ರಾಷ್ಟ್ರೀಯ ದಂತ ಆಯೋಗದ ಕಾಯ್ದೆ 2023ರಲ್ಲಿ ಬಂದಿದೆ. ಕುರ್ಚಿಯ ಎಡಬದಿಯವರಿಗೆ ಸರಿಯಾದ ತರಬೇತಿ, ಪರೀಕ್ಷೆ, ನೋಂದಣಿ, ಅದಕ್ಕೆ ತಕ್ಕ ಸಂಬಳ ಸಿಗುವಂತೆ ಮಾಡಲು ಇದೇ ಸಮಯ. ಇಷ್ಟನ್ನು ಆಯೋಗವೂ ರಾಜ್ಯ ಸರ್ಕಾರವೂ ಮಾಡಲೇಬೇಕು.