ದುಂಡಂಚಿಗೆ ಮರದ ತೊಗಲು

ಮಧುಗಿರಿ ಸೀಮೆಯ ಬಡವನಹಳ್ಳಿಯಲ್ಲಿ ಬಡಗಿಯೊಬ್ಬರು ಬೀರುವಿನ ದುಂಡಾದ ಅಂಚಿಗೆ ತೇಗದ ವೆನೀರನ್ನು ಹೊದಿಸುತ್ತಿದ್ದುದನ್ನು ಮೊನ್ನೆ ಬಹಳ ಹೊತ್ತು ನಿಂತು ನೋಡಿದೆನು. ಅರ್ಧ ಮಿಲಿಮೀಟರಿನಷ್ಟು ತೆಳುವಾದ ಆ ಹಾಳೆಯ ಹಿಂಬದಿಗೂ ಪ್ಲೈವುಡ್ಡಿನ ಅಂಚಿಗೂ ಬಿಳಿಯ ಅಂಟನ್ನು ಸವರಿ, ಅದು ಕೈಗೆ ಹತ್ತದಷ್ಟು ಆರಿದ ತರುವಾಯ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಮೆಲ್ಲನೆ ಎಳೆದುಕೊಂಡು ಬಂದಂತೆ, ಮೆತ್ತಗಾದ ಅಂಟು ಮರಳಿ ಬಿಗಿದು, ಮರದ ತೊಗಲು ಅಂಚನ್ನು ಅಪ್ಪಿಕೊಂಡಿತು. ಹಾಳೆಯ ಎಳೆಯನ್ನು ಅವರು ಅಂಚಿನ ಉದ್ದಕ್ಕೇ ಹರಿಯಬಿಟ್ಟಿದ್ದರು. ಅಡ್ಡಲಾಗಿ ಇಟ್ಟಿದ್ದರೆ ಬಾಗುವೆಡೆಯಲ್ಲಿ ಎಳೆಗಳೇ ಮುರಿಯುತ್ತಿದ್ದವು. “ಒಸಿ ನೀರು ಚಿಮುಕಿಸಿದ್ರೆ ಮರ ಮಾತು ಕೇಳ್ತದೆ, ಸ್ವಾಮಿ” ಎಂದರು. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವು ಶಾಖ ಮತ್ತು ತೇವಗಳಿಂದ ಮೃದುವಾಗುವುದೆಂದು ಹೇಳುವಾಗ ವಿಜ್ಞಾನವೂ ಇದನ್ನೇ ಹೇಳುತ್ತದೆ.

ಈ ವಿದ್ಯೆ ಅತಿ ಪುರಾತನವಾದುದು. ಸುಮಾರು 3,400 ವರ್ಷಗಳ ಹಿಂದಿನ ಈಜಿಪ್ಟಿನ ಮಂತ್ರಿ ರೆಖ್ಮಿರೆಯ ಸಮಾಧಿಯ ಭಿತ್ತಿಚಿತ್ರಗಳಲ್ಲಿ ಬಡಗಿಗಳು ಅಂಟಿನ ಪಾತ್ರೆಯನ್ನು ಬಳಿಯಲ್ಲಿಟ್ಟುಕೊಂಡು ಮರದ ತೆಳುಹಲಗೆಯನ್ನು ಅಂಟಿಸುತ್ತಿದ್ದಾರೆ. ನಮ್ಮ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ವಜ್ರಲೇಪಗಳನ್ನು ವಿವರಿಸುವಾಗ, ಪಶುಗಳ ಕೊಂಬು ಚರ್ಮಗಳಿಂದ ಸಿದ್ಧವಾಗುವ ಲೇಪವೊಂದನ್ನೂ ಹೇಳಿದ್ದಾನೆ; ಬಡಗಿಗಳ ಹಳೆಯ ಅಂಟಿಗೆ ‘ಮರವಜ್ರ’ವೆಂಬ ಹೆಸರಿರುವುದನ್ನು ನೆನೆದಾಗ ನನ್ನ ಮನಸ್ಸು ಪುಲಕಿತವಾಗುತ್ತದೆ. ಆ ಅಂಟು ಬಿಸಿಯಿರುವಷ್ಟು ಹೊತ್ತು ಮಾತ್ರ ವಶವರ್ತಿ. ಆದುದರಿಂದಲೇ ಪೂರ್ವದ ಕುಶಲರು ಬಾಗಿದ ಮೈಯ ಮೇಲೆ ಕಾಯಿಸಿದ ಮರಳಿನ ಚೀಲವನ್ನು ಹೇರಿ ಹಾಳೆಯನ್ನು ಕೂರಿಸುತ್ತಿದ್ದರು.

1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಬಂದಿತು; 1962ರಲ್ಲಿ ಬೆಂಗಳೂರಿನಲ್ಲಿ ಪ್ಲೈವುಡ್ ಉದ್ಯಮಕ್ಕೆಂದೇ ಸಂಶೋಧನಾ ಸಂಸ್ಥೆಯೊಂದು ಸ್ಥಾಪಿತವಾಯಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ, ಅರಣ್ಯ ಕಾರ್ಯಯೋಜನೆಗೆ ಒಳಪಡದ ಮರಕಡಿತವನ್ನು ಕಾಡುಗಳಲ್ಲಿ ತಡೆದುದು ಅರಣ್ಯದ ಹಿತಕ್ಕೆ ಅತ್ಯಾವಶ್ಯಕವಾಗಿದ್ದಿತು. ಗಟ್ಟಿ ಮರದ ಸ್ಥಾನಕ್ಕೆ ಪ್ಲೈವುಡ್ಡು ಬಂದಂತೆ ಅಂಚಿನ ಕೆಲಸವೂ ಬದಲಾಯಿತು. ಗಟ್ಟಿ ತೇಗದ ಹಲಗೆಯನ್ನು ಕೀಸುಳಿಯಿಂದ ದುಂಡಾಗಿಸಿದರೆ ಒಳಗೂ ಹೊರಗೂ ಒಂದೇ ಮರ. ಪ್ಲೈವುಡ್ಡನ್ನು ದುಂಡಾಗಿಸಿದರೆ ಅದರ ಪದರಗಳೆಲ್ಲ ಬಯಲಾಗುತ್ತವೆ. ಆ ಪದರಗಳನ್ನು ಮರೆಮಾಡುವುದಕ್ಕಾಗಿಯೇ ಅಂಚಿನ ಹೊದಿಕೆ ಬಡಗಿಯ ನಿತ್ಯದ ಕೆಲಸವಾಯಿತು. ಒಂದು ಮರದ ದಿಮ್ಮಿ ಹಾಳೆಯಾದಾಗ ಹತ್ತಾರು ಮನೆಗಳಿಗೆ ಒದಗುವುದರಿಂದ, ಇದನ್ನು ಮೋಸವೆಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆನು.

ಕೊನೆಗೆ ಬಡಗಿಯು ಹೆಚ್ಚಾದ ಹಾಳೆಯನ್ನು ಉಪ್ಪುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ ಕಳೆದು, ಅಂಚಿನ ಮೇಲೆ ಉಗುರಿನಿಂದ ಟಕಟಕನೆ ತಟ್ಟಿದರು. ಪೊಳ್ಳು ಸದ್ದು ಬಂದ ಒಂದೆಡೆ ಪುನಃ ಇಸ್ತ್ರಿ ಇಟ್ಟರು. ಬೀರು ಕೊಳ್ಳುವ ಓದುಗರೂ ಹಣ ಕೊಡುವ ಮುನ್ನ ಅಂಚನ್ನು ಹಾಗೆಯೇ ತಟ್ಟಿ ನೋಡಬೇಕೆಂದು ಬಿನ್ನವಿಸುತ್ತೇನೆ.