ಎರೆಮಣ್ಣಿನಲ್ಲಿ ಎಷ್ಟು ಹವಾ?

ಜುಲೈ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ ನದಿಗಳು ತುಂಬಿ ಹರಿಯುವಾಗ, ಚಿಕ್ಕೋಡಿ, ಕಾಗವಾಡ ಭಾಗದ ಎರೆಹೊಲದ ದಾರಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕು ಓಡಿಸುವವರನ್ನು ನೋಡಬೇಕು. ಮುಂದಿನ ಗಾಲಿ ಒಂದು ಕಡೆ ಎಳೆಯುತ್ತದೆ, ಹಿಂದಿನದು ಇನ್ನೊಂದು ಕಡೆ ಜಾರುತ್ತದೆ. ಸವಾರ ಎರಡೂ ಕಾಲು ಚಾಚಿ, ನೆಲಕ್ಕೆ ಊರಿಯೂ ಊರದಂತೆ, ಅರ್ಧ ಕ್ಲಚ್ಚಿನಲ್ಲಿ ದಾಟಿಬಿಡುತ್ತಾನೆ. ಇದನ್ನೇ ಪಂದ್ಯ ಮಾಡಿಕೊಂಡವರೂ ಇದ್ದಾರೆ. ಟ್ರಯಲ್ಸ್ ಎಂಬ ಬೈಕ್ ಕ್ರೀಡೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೆಸರು, ಹಳ್ಳದ ದಂಡೆ, ಉರುಳಿದ ಮರದ ದಿಮ್ಮಿ, ಯಾವುದೇ ಇರಲಿ, ಕಾಲು ಊರದೆ ದಾಟಬೇಕು. ಊರಿದರೆ ದಂಡದ ಅಂಕ. ಆ ಬೈಕಿನ ತೂಕ 70 ಕಿಲೋ ಆಸುಪಾಸು. ಆರಾಮಾಗಿ ಕೂರುವಂಥ ಸೀಟೂ ಅದಕ್ಕಿರುವುದಿಲ್ಲ.

ನಮ್ಮವರಿಗೆ ಅಚ್ಚರಿಯಾಗುವುದು ಅದರ ಟೈರಿನ ಹವಾ. ಹಿಂದಿನ ಗಾಲಿಗೆ 4ರಿಂದ 5 ಪಿಎಸ್‌ಐ, ಮುಂದಿನದಕ್ಕೆ 5ರಿಂದ 6. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಿಪ್ಪಾಣಿಯ ಯಾವುದೇ ಪಂಕ್ಚರ್ ಅಂಗಡಿಗೆ ಅದನ್ನು ತಳ್ಳಿಕೊಂಡು ಹೋದರೆ ಮೊದಲು ಟೈರು ಬಿಚ್ಚಿ ಮೊಳೆ ಹುಡುಕುತ್ತಾರೆ. ನಮ್ಮ ದಿನಬಳಕೆಯ ಬೈಕುಗಳಿಗೆ ಮುಂದೆ 25, ಹಿಂದೆ 28ರಿಂದ 33ರವರೆಗೆ ಹಾಕುವುದು ರೂಢಿ. ಅದೂ ಸಾಲದೆ, “ಎಷ್ಟು ಹಾಕ್ಲಿರಿ?” ಎಂದರೆ “ಕಡಕ್ ಹಾಕ್ರಿ” ಎನ್ನುವವರೇ ಹೆಚ್ಚು. ಗಟ್ಟಿ ಟೈರು ಒಳ್ಳೆಯ ಟೈರು ಎಂಬ ಈ ನಂಬಿಕೆ ಡಾಂಬರು ರಸ್ತೆಯಲ್ಲಿ ಹುಟ್ಟಿದ್ದು. ಹೊಲಕ್ಕೆ ಇಳಿದ ಕೂಡಲೇ ಅದು ಕೈಕೊಡುತ್ತದೆ.

ಲೆಕ್ಕ ಬಹಳ ಸರಳ. ಮೆತ್ತನೆಯ ಟೈರು ತನ್ನ ಮೇಲಿನ ಭಾರವನ್ನು ಹೊರುವುದು ಒಳಗಿನ ಗಾಳಿಯಿಂದ. ಹಾಗಾಗಿ ಟೈರು ನೆಲವನ್ನು ಒತ್ತುವ ಒತ್ತಡ, ಹೆಚ್ಚುಕಡಿಮೆ ಅದರೊಳಗಿನ ಹವಾದ ಒತ್ತಡವೇ. ಟೈರಿನ ಗೋಡೆಯ ಬಿಗಿತದಿಂದ ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೇ. ಒಂದು ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 70 ಗ್ರಾಂ ಭಾರ. ಟ್ರಯಲ್ಸ್ ಬೈಕಿನ ಹಿಂಗಾಲಿಯ ಮೇಲೆ ಸವಾರನೂ ಸೇರಿ 80 ಕಿಲೋ ಇದ್ದು, ಹವಾ 4.5 ಇದ್ದರೆ, ಟೈರು ಸುಮಾರು 250 ಚದರ ಸೆಂಟಿಮೀಟರಿನಷ್ಟು ನೆಲವನ್ನು ತಬ್ಬಿಕೊಳ್ಳುತ್ತದೆ. ಹಾಲಿನ ಬೈಕಿನ ಕಥೆ ಬೇರೆ. ತಲಾ 40 ಲೀಟರಿನ ಎರಡು ತುಂಬಿದ ಕ್ಯಾನು ಹೇರಿದರೆ ಹಿಂಗಾಲಿಯ ಮೇಲೆ 190 ಕಿಲೋ ಬಿದ್ದೀತು. ಆದರೆ 30 ಪಿಎಸ್‌ಐನಲ್ಲಿ ಅದು ನೆಲ ಮುಟ್ಟುವುದು ಬರೀ 90 ಚದರ ಸೆಂಟಿಮೀಟರು. ಎರಡರಷ್ಟಕ್ಕಿಂತ ಹೆಚ್ಚು ಭಾರ, ಮೂರರಲ್ಲೊಂದು ಜಾಗ. 65 ಕಿಲೋ ತೂಕದ ರೈತ ಅಥಣಿಯ ಚಪ್ಪಟೆ ಚರ್ಮದ ಚಪ್ಪಲಿ ಮೆಟ್ಟಿ ಒಂಟಿಗಾಲಲ್ಲಿ ನಿಂತರೆ ನೆಲಕ್ಕೆ ಬೀಳುವುದು 5 ಪಿಎಸ್‌ಐಗಿಂತ ತುಸು ಕಡಿಮೆ. ಟ್ರಯಲ್ಸ್ ಟೈರು ಒತ್ತುವುದೂ ಅಷ್ಟೇ. ಇತ್ತ ಎತ್ತಿನ ಗೊರಸು ಟ್ರ್ಯಾಕ್ಟರಿನ ದೊಡ್ಡ ಟೈರಿಗಿಂತ ಜೋರಾಗಿ ಒತ್ತುತ್ತದೆ ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಸಣ್ಣ ಗೊರಸಿನ ಮೇಲೆ ಅಷ್ಟು ದೊಡ್ಡ ಜೀವ ನಿಂತಿದೆ. ಒತ್ತಡ 20 ಪಿಎಸ್‌ಐ ದಾಟುವುದು ಸಹಜ.

ಹಾಗಾದರೆ ನಮ್ಮ ನೆಲ ಎಷ್ಟು ತಡೆಯುತ್ತದೆ? ರಾಯಬಾಗ, ಅಥಣಿ, ಕಾಗವಾಡದ ಎರೆಭೂಮಿ ದಖ್ಖನ್ನಿನ ಕಪ್ಪುಶಿಲೆ ಕರಗಿ ಆದದ್ದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಹಾಳೆಹಾಳೆಯಾಗಿದ್ದು, ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತವೆ, ನೀರು ಆರಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಕೀಳಲಾಗದ ಕೆಸರು, ಎರಡೂ ಅದರದೇ ಆಟ. ಒದ್ದೆ ಜೇಡಿಮಣ್ಣಿನ ತಾಳಿಕೆಯನ್ನು ಲೆಕ್ಕ ಹಾಕಲು ನಮಗೆ ದಾರಿ ತೋರಿಸಿದವನು ಲುಡ್ವಿಗ್ ಪ್ರಾಂಟಲ್, ವಿಮಾನದ ರೆಕ್ಕೆಗಳ ಗಣಿತದಿಂದ ಹೆಸರಾದ ಜರ್ಮನ್ ವಿಜ್ಞಾನಿ. 1920ರಲ್ಲಿ ಅವನು ಕಂಡುಕೊಂಡ ಸೂತ್ರದ ಪ್ರಕಾರ, ಇಂಥ ಮೆತ್ತನೆಯ ವಸ್ತು ತನ್ನ ಒಳಗಿನ ಹಿಡಿತಬಲದ ಸುಮಾರು ಐದು ಪಟ್ಟು ಒತ್ತಡವನ್ನು ತಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಪಕ್ಕಕ್ಕೆ ಉಬ್ಬಿ ಹರಿದುಹೋಗುತ್ತದೆ. ಮಳೆ ಕುಡಿದ ಮೆತ್ತನೆಯ ಜೇಡಿಯ ಹಿಡಿತಬಲ 2 ಪಿಎಸ್‌ಐ ಎಂದಿಟ್ಟುಕೊಂಡರೆ ಅದು ತಡೆಯುವುದು 10. ಈಗ 5ರ ಟೈರು ಮೇಲೆಯೇ ಸಾಗುತ್ತದೆ. 12 ಪಿಎಸ್‌ಐ ಹವಾದ ಟ್ರ್ಯಾಕ್ಟರಿನ ಹಿಂಗಾಲಿ ಅಂಚಿನಲ್ಲಿದೆ, ತುಸು ಇಳಿಯುತ್ತದೆ. 30ರ ಬೈಕಿನ ಗಾಲಿ ಹೂತು, ತನಗೆ ಬೇಕಾದಷ್ಟು ಜಾಗ ಸಿಗುವವರೆಗೂ ಇಳಿಯುತ್ತಲೇ ಹೋಗುತ್ತದೆ.

ಹೂತುಹೋಗುವುದು ಒಂದು ತೊಂದರೆ, ಜಾರುವುದು ಇನ್ನೊಂದು. ಈ ಎರಡನೆಯದರಲ್ಲೇ ನಮ್ಮ ಅನುಭವ ನಮ್ಮನ್ನು ಹೆಚ್ಚು ದಾರಿ ತಪ್ಪಿಸುವುದು. ವಿದ್ಯುದಾವೇಶದ ನಿಯಮದಿಂದ ಶಾಲಾ ಪುಸ್ತಕಗಳಲ್ಲಿ ಪರಿಚಿತನಾದ ಕೂಲಂಬ್ ಮೂಲತಃ ಸೇನೆಯ ಎಂಜಿನಿಯರು. ಕೋಟೆಗೋಡೆಗಳ ಹಿಂದಿನ ಮಣ್ಣು ಯಾವಾಗ ಜರಿಯುತ್ತದೆ ಎಂಬುದು ಅವನ ಚಿಂತೆಯಾಗಿತ್ತು. 1776ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ ಮಣ್ಣಿನ ಹಿಡಿತಕ್ಕೆ ಎರಡು ಮೂಲ. ಒಂದು ಕಣಗಳ ನಡುವಿನ ಅಂಟು, ಇನ್ನೊಂದು ಘರ್ಷಣೆ. ಮರಳಿನಲ್ಲಿ ಅಂಟಿಲ್ಲ, ಪೂರ್ತಿ ಘರ್ಷಣೆಯೇ. ಅಲ್ಲಿ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಒದ್ದೆ ಜೇಡಿಯಲ್ಲಿ ಹಾಗಲ್ಲ. ಮೇಲಿಂದ ದಿಢೀರನೆ ಬಿದ್ದ ಭಾರವನ್ನು ಕಣಗಳ ನಡುವೆ ಸಿಕ್ಕಿಬಿದ್ದ ನೀರೇ ಹೊತ್ತುಕೊಳ್ಳುತ್ತದೆ. ಕಣಗಳು ಒಂದನ್ನೊಂದು ಬಿಗಿಯಾಗಿ ಒತ್ತುವುದೇ ಇಲ್ಲ. ಹಾಗಾಗಿ ಘರ್ಷಣೆ ಹೆಚ್ಚುವುದಿಲ್ಲ. ಉಳಿದದ್ದು ಅಂಟು ಮಾತ್ರ, ಅದು ಜಾಗಕ್ಕೆ ತಕ್ಕಷ್ಟು. ಟೈರು ಎಷ್ಟು ಚದರ ಸೆಂಟಿಮೀಟರು ಮುಟ್ಟಿದೆಯೋ ಅಷ್ಟೇ ಹಿಡಿತ.

ಟ್ರ್ಯಾಕ್ಟರು ಹೊಲದಲ್ಲಿ ಸಿಕ್ಕಿಬಿದ್ದಾಗ ನಾಲ್ಕು ಜನ ಹಿಂದೆ ಹತ್ತಿ ನಿಲ್ಲುವುದನ್ನು ಕಂಡಿದ್ದೇವೆ. ಹಿಂಗಾಲಿಯ ಟ್ಯೂಬಿಗೆ ನೀರು ತುಂಬಿಸಿ ಭಾರ ಹೆಚ್ಚಿಸುವ ಪದ್ಧತಿಯೂ ಇದೆ. ಒಣ ನೆಲದಲ್ಲಿ ನೇಗಿಲು ಎಳೆಯುವಾಗ ಎರಡೂ ಸರಿ. ಒದ್ದೆ ಎರೆಯಲ್ಲಿ ಎರಡೂ ತಪ್ಪು. ಅಲ್ಲಿ ಭಾರದಿಂದ ಹಿಡಿತ ಬರುವುದಿಲ್ಲ, ಗುಂಡಿ ಮಾತ್ರ ಆಳವಾಗುತ್ತದೆ. ಹತ್ತಿದವರನ್ನು ಇಳಿಸಿ, ಟೈರಿನ ಹವಾ ಇಳಿಸಿದರೆ ಉಪಯೋಗವಾದೀತು. ಹವಾ ಕಡಿಮೆ ಇದ್ದ ಟೈರು ಉರುಳುವಾಗ ಹೆಚ್ಚು ಬಾಗುವುದರಿಂದ, ಹಲ್ಲುಗಳ ನಡುವೆ ಮೆತ್ತಿಕೊಂಡ ಮಣ್ಣೂ ಬಿರಿದು ಉದುರುತ್ತದೆ.

ಬಂಡೆಯ ಮೇಲೂ ಕಡಿಮೆ ಹವಾ ಒಳ್ಳೆಯದೇ, ಆದರೆ ಕಾರಣ ಬೇರೆ. ನಿಪ್ಪಾಣಿಯ ದಕ್ಷಿಣಕ್ಕೆ ತವಂದಿ ಘಾಟದ ಕಡೆಯ ಕಲ್ಲು ಗುಡ್ಡಗಳಂಥ ಜಾಗದಲ್ಲಿ ನೆಲ ಬಗ್ಗುವುದಿಲ್ಲ, ಟೈರೇ ಬಗ್ಗಬೇಕು. ಕಡಿಮೆ ಹವಾದ ಮೆತ್ತನೆಯ ರಬ್ಬರು ಕಲ್ಲಿನ ಏರುತಗ್ಗುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಗಟ್ಟಿ ಟೈರು ಅದೇ ಕಲ್ಲಿಗೆ ಪುಟಿಯುತ್ತದೆ.

ಇಷ್ಟೆಲ್ಲ ಲಾಭವಿದ್ದರೆ ಎಲ್ಲರೂ 5 ಪಿಎಸ್‌ಐ ಇಟ್ಟುಕೊಂಡು ಓಡಾಡಬಹುದಲ್ಲ? ಹಾಲಿನ ಬೈಕಿನವನು ಹಾಗೆ ಮಾಡಿದರೆ ಒಂದು ಕಿಲೋಮೀಟರೂ ಹೋಗಲಾರ. ಟೈರು ಚಪ್ಪಟೆಯಾಗಿ ರಿಮ್ಮು ಕಲ್ಲಿಗೆ ಬಡಿಯುತ್ತದೆ, ನಡುವೆ ಸಿಕ್ಕ ಟ್ಯೂಬು ಕತ್ತರಿಸಿಹೋಗುತ್ತದೆ. ಸಡಿಲ ಟೈರು ರಿಮ್ಮಿನ ಮೇಲೆ ತಿರುಗಿ ವಾಲ್ವನ್ನೇ ಕಿತ್ತುಹಾಕಬಹುದು. ಟ್ರಯಲ್ಸ್ ಬೈಕಿನ ಹಿಂದಿನ ಟೈರಿಗೆ ಟ್ಯೂಬಿಲ್ಲ, ಗೋಡೆ ಮೃದು, ಹೊರುವ ಭಾರ ಕಡಿಮೆ, ವೇಗ ನಡಿಗೆಯಷ್ಟು. ಅದಕ್ಕೇ ಅದು ಬದುಕುತ್ತದೆ. ಅದೇ ಟೈರನ್ನು ಹಾಗೇ ಹೆದ್ದಾರಿ 48ಕ್ಕೆ ಹತ್ತಿಸಿದರೆ, ಪ್ರತಿ ಸುತ್ತಿಗೂ ಮಡಚಿ ಬಿಚ್ಚುವ ರಬ್ಬರು ಕಾಯುತ್ತದೆ, ತಿರುವಿನಲ್ಲಿ ಬೈಕು ತೊನೆಯುತ್ತದೆ, ಕೊನೆಗೆ ಗೋಡೆಯೇ ಹರಿಯುತ್ತದೆ. ಹಾಲಿನವನು ಮಳೆಗಾಲದಲ್ಲಿ ಮಾಡಬಹುದಾದದ್ದು ಹೊಲದ ದಾರಿಯಲ್ಲಿ ಒಂದೊಂದೇ ಕ್ಯಾನು ಸಾಗಿಸುವುದು. ಹವಾ ಇಳಿಸುವುದಕ್ಕಿಂತ ಭಾರ ಇಳಿಸುವುದು ಅವನಿಗೆ ಕ್ಷೇಮ. ಇದು ಹೇಳಿದಷ್ಟು ಸುಲಭವಲ್ಲ, ಡೇರಿಯ ಗಾಡಿ ಯಾರಿಗೂ ಕಾಯುವುದಿಲ್ಲ.

ಟ್ರಯಲ್ಸ್ ಸವಾರರು ಸರಿಯಾದ ಅಂಕಿಯನ್ನು ಹುಡುಕುವ ರೀತಿ ಮಾತ್ರ ಯಾರಿಗಾದರೂ ಉಪಯೋಗಕ್ಕೆ ಬರುವಂಥದ್ದು. 6ರಿಂದ ಆರಂಭಿಸಿ, ಒಂದೇ ಅಡೆತಡೆಯನ್ನು ಮತ್ತೆ ಮತ್ತೆ ದಾಟುತ್ತ, ಅರ್ಧರ್ಧ ಪಿಎಸ್‌ಐ ಇಳಿಸುತ್ತ ಹೋಗುತ್ತಾರೆ. ಎಲ್ಲೋ ಒಂದು ಹಂತದಲ್ಲಿ ರಿಮ್ಮು ಕಲ್ಲಿಗೆ ಟಣ್ ಎನ್ನುತ್ತದೆ, ಅಥವಾ ಓರೆ ಇಳಿಜಾರಿನಲ್ಲಿ ಟೈರು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅಲ್ಲಿಂದ ಅರ್ಧ ಮೇಲೆ ಬಂದರೆ ಅದೇ ಆ ಸವಾರನ, ಆ ದಿನದ ಅಂಕಿ. ದಪ್ಪ ಸವಾರನಿಗೆ ಅದು ಹೆಚ್ಚು, ತೆಳ್ಳಗಿನವನಿಗೆ ಕಡಿಮೆ. ಕಲ್ಲಿನ ಅಂಚಿಗೆ ಮೊದಲು ಬಡಿಯುವುದು ಮುಂದಿನ ಗಾಲಿಯಾದ್ದರಿಂದ ಅದಕ್ಕೆ ತುಸು ಹೆಚ್ಚು ಹವಾ.

ಟ್ರ್ಯಾಕ್ಟರಿನ ವಿಷಯ ಇನ್ನೂ ಬಿಕ್ಕಟ್ಟಿನದು. 1932ರವರೆಗೆ ಅದಕ್ಕೆ ಹೆಚ್ಚಾಗಿ ಇದ್ದದ್ದು ಕಬ್ಬಿಣದ ಗಾಲಿ. ಆ ವರ್ಷ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ಫೈರ್‌ಸ್ಟೋನ್‌ನ ವಿಮಾನದ ಟೈರು ಹಾಕಿ, ಹವಾ ಇಳಿಸಿ, ಹೊಲದಲ್ಲಿ ಓಡಿಸಿ ನೋಡಿತು. ನೆಲಕ್ಕೆ ಅಂಟಿಕೊಂಡು ಹೋಗುವ, ರಸ್ತೆಯಲ್ಲೂ ಓಡಬಲ್ಲ ಟ್ರ್ಯಾಕ್ಟರು ಹುಟ್ಟಿದ್ದು ಹಾಗೆ. ಆದರೆ ನಮ್ಮ ಕಬ್ಬಿನ ಹಂಗಾಮಿನಲ್ಲಿ ಒಂದೇ ಫೇರಿಯಲ್ಲಿ ಎರಡು ಲೋಕ ದಾಟಬೇಕು. ಹೊಲದೊಳಗೆ 12 ಪಿಎಸ್‌ಐ ಚೆಂದ. ಎರಡೆರಡು ಟ್ರಾಲಿ ಕಟ್ಟಿ, ಹಾಡು ಹಚ್ಚಿಕೊಂಡು, ಉಗಾರ ಖುರ್ದದಂಥ ಕಾರ್ಖಾನೆಯ ಸರದಿಗೆ ಹೊರಟರೆ ರಸ್ತೆಯಲ್ಲಿ ಅದು ಸಾಲದು. ಟ್ರಾಲಿಯ ಟೈರುಗಳಂತೂ 60-80 ಪಿಎಸ್‌ಐನವು, ಮೂಲದಲ್ಲೇ ರಸ್ತೆಯ ಮಕ್ಕಳು. ಅವನ್ನು ಹಸಿ ಹೊಲಕ್ಕೆ ಇಳಿಸುವುದೆಂದರೆ 10 ತಡೆಯುವ ನೆಲದ ಮೇಲೆ 70ರ ಒತ್ತಡ ಹೇರಿದಂತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನೀರು-ನೆಲ ಎರಡರಲ್ಲೂ ಓಡುವ ಡಕ್ ಎಂಬ ಲಾರಿಗೆ, ಚಾಲಕ ಕುಳಿತಲ್ಲಿಂದಲೇ ಟೈರಿನ ಹವಾ ಏರಿಸಿ ಇಳಿಸುವ ವ್ಯವಸ್ಥೆ ಮಾಡಿತ್ತು. ಯುರೋಪಿನ ದೊಡ್ಡ ಟ್ರ್ಯಾಕ್ಟರುಗಳಿಗೆ ಇಂದು ಅದು ಸಿಗುತ್ತದೆ. ನಮ್ಮಲ್ಲಿ ಅದಕ್ಕೆ ದುಡ್ಡು ಹಾಕುವವರು ಯಾರು?

ಹವಾ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಮೇಲಿನ ಗೇಣು ಮಣ್ಣಿನ ಮೇಲೆ ಬೀಳುವ ಒತ್ತಡವನ್ನು ಟೈರಿನ ಹವಾ ನಿರ್ಧರಿಸುತ್ತದೆ. ಮೊಳದಾಳದ ಒತ್ತಡವನ್ನು ನಿರ್ಧರಿಸುವುದು ಗಾಲಿಯ ಮೇಲಿನ ಒಟ್ಟು ಭಾರ. ಎಷ್ಟು ಅಗಲದ ಟೈರು ಹಾಕಿದರೂ ಹತ್ತು ಟನ್ನಿನ ಟ್ರಾಲಿ ಆಳವನ್ನು ಹಿಂಡಿಯೇ ಹಿಂಡುತ್ತದೆ. ಒಣಬೇಸಾಯದ ಎರೆ ಬೇಸಿಗೆಯಲ್ಲಿ ಬಿರಿದು ತನ್ನ ಗಾಯವನ್ನು ಕೊಂಚ ತಾನೇ ಮಾಯಿಸಿಕೊಳ್ಳುತ್ತದೆ. ವರ್ಷವಿಡೀ ನೀರುಂಡ ಕಬ್ಬಿನ ಹೊಲ ಅಷ್ಟು ಆಳಕ್ಕೆ ಬಿರಿಯುವುದಿಲ್ಲ. ಮೇಲಾಗಿ ಕೂಳೆ ಬಿಟ್ಟರೆ ಎರಡು-ಮೂರು ವರ್ಷ ನೇಗಿಲೂ ತಾಗುವುದಿಲ್ಲ. ನೀರು ಬಸಿಯದೆ ನಿಲ್ಲುತ್ತದೆ. ಸವಳು-ಜವಳಿಗೆ ಅತಿ ನೀರಾವರಿಯೇ ಮುಖ್ಯ ಕಾರಣವಾದರೂ, ಒತ್ತಿ ಗಟ್ಟಿಯಾದ ಈ ಪದರ ಅದಕ್ಕೆ ಕೈಜೋಡಿಸುತ್ತದೆ. ಟ್ರಾಲಿಯನ್ನು ಬದುವಿನ ಮೇಲೆ ನಿಲ್ಲಿಸಿ ತಲೆಹೊರೆಯಲ್ಲಿ ತುಂಬಿಸುವುದು ಕೂಲಿ ಜನರಿಗೆ ಕಷ್ಟ, ನೆಲಕ್ಕೆ ಮಾತ್ರ ಸುಖ. ಅದಾಗದಿದ್ದರೆ ಒಂದೇ ಸಾಲಿನ ಜಾಡಿನಲ್ಲಿ ಹೋಗಿಬಂದರೆ ಉಳಿದ ಹೊಲವಾದರೂ ಉಳಿಯುತ್ತದೆ.

ಕೊನೆಗೆ ಮೀಟರಿನ ಮಾತು. ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಹೊರಗಿನದೇ ಸುಮಾರು 14 ಇದೆ. ಬಿಸಿಯಾದಾಗ ಹಿಗ್ಗುವುದು ಎರಡರ ಮೊತ್ತ. ಅಥಣಿಯ ಚಳಿಗಾಲದ ಬೆಳಗ್ಗೆ 14 ಡಿಗ್ರಿಯಲ್ಲಿ 30 ಹಾಕಿದ ಟೈರು 40 ಡಿಗ್ರಿಗೆ ಕಾಯ್ದಾಗ 34 ತೋರಿಸುತ್ತದೆ, ಅದೇನೂ ಅಂಥ ವ್ಯತ್ಯಾಸವಲ್ಲ. ಅದೇ ಬಿಸಿಗೆ 5ರ ಟೈರು 7ರ ಹತ್ತಿರ ಹೋಗುತ್ತದೆ, ಅಂದರೆ ಬೇರೆಯದೇ ಟೈರಾಗುತ್ತದೆ. ಜೊತೆಗೆ, ನೂರರವರೆಗೆ ತೋರಿಸುವ ಮೀಟರಿನಲ್ಲಿ ಎರಡು ಪಿಎಸ್‌ಐ ಹೆಚ್ಚುಕಡಿಮೆ ಇರುವುದು ಮಾಮೂಲು. ಟ್ರಾಲಿಯ 80ಕ್ಕೆ ಅದು ಲೆಕ್ಕಕ್ಕಿಲ್ಲ, ಟ್ರಯಲ್ಸ್‌ನ 5ಕ್ಕೆ ಅರ್ಧಕ್ಕರ್ಧ ಸುಳ್ಳು, ಟ್ರ್ಯಾಕ್ಟರಿನ 12ಕ್ಕೂ ದುಬಾರಿ. 15 ಇಲ್ಲವೇ 30ರವರೆಗೆ ಮಾತ್ರ ಗುರುತಿರುವ ಸಣ್ಣ ಮೀಟರೊಂದನ್ನು ಕೊಂಡು, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು.